ಘಟ್ಟ ದಾಟುವ ಮುಂಚಿನ ಲೆಕ್ಕ: ನನ್ನ ಅನುಭವ

ಹುಬ್ಬಳ್ಳಿಯಿಂದ ಮಂಗಳೂರಿಗೆ ಸೆಸ್ನಾ 172ಎಸ್ ಎಂಬ ಒಂದೇ ಎಂಜಿನ್ನಿನ ಪುಟ್ಟ ವಿಮಾನ ಹಾರಿಸುವಾಗ ನಾನು ಶಿರಸಿ ಮೇಲಿಂದ ಕುಮಟಾ ತಲುಪಿ, ಅಲ್ಲಿಂದ ಕರಾವಳಿ ಹಿಡಿದು ದಕ್ಷಿಣಕ್ಕೆ ಹೋಗುತ್ತೇನೆ. ಕಾರವಾರದ ಕಡೆ ನೌಕಾನೆಲೆಯಿದೆ, ಕೈಗಾ ಅಣುಸ್ಥಾವರವಿದೆ. ಆ ಕಡೆ ತಲೆ ಹಾಕುವುದಿಲ್ಲ. ಒಟ್ಟು ದಾರಿ ಸುಮಾರು 165 ನಾಟಿಕಲ್ ಮೈಲಿ (ಮುಂದೆ ಮೈಲಿ ಅಂದರೆ ಇದೇ).

ಈ ವಿಮಾನಕ್ಕೆ ಬೇಕಾದ ಆವ್‌ಗ್ಯಾಸ್, ಅಂದರೆ ವಿಮಾನದ ಪೆಟ್ರೋಲ್, ಎಲ್ಲ ಕಡೆ ಸಿಗುವುದಿಲ್ಲ. ಹಾಗಾಗಿ ವಾಪಸ್ ಬರುವ ಇಂಧನವನ್ನೂ ಹೊತ್ತೇ ಹೊರಡುತ್ತೇನೆ. ಬಳಸಲು ಸಿಗುವುದು 200 ಲೀಟರ್. ಗಂಟೆಗೆ 34 ಲೀಟರ್ ಖರ್ಚು ಹಿಡಿಯುತ್ತೇನೆ. ಹೋಗುವಾಗ ಒಂದೂವರೆ ಗಂಟೆ. ಬೇಸಿಗೆ ಮಧ್ಯಾಹ್ನ ಕರಾವಳಿಯಲ್ಲಿ ವಾಯವ್ಯದ ಗಾಳಿ ಏಳುತ್ತದೆ, ಬರುವಾಗ ಅದು ಎದುರು ಗಾಳಿ. ಆಗ ಒಂದೂಮುಕ್ಕಾಲು ಗಂಟೆ. ಎರಡೂ ಸೇರಿ 110 ಲೀಟರ್. ನೆಲದ ಮೇಲೆ ಓಡಿಸುವುದಕ್ಕೆ, ಮೇಲೇರುವುದಕ್ಕೆ 10. ಹಗಲಿನ ಹಾರಾಟಕ್ಕೆ ಅರ್ಧ ಗಂಟೆಯ ಮೀಸಲು ಸಾಕು ಅನ್ನುತ್ತಾರೆ. ನನಗೆ ಸಾಲದು, ಪೂರ್ತಿ ಒಂದು ಗಂಟೆಯದ್ದು ಇಡುತ್ತೇನೆ. ಕೆಳಗೆ ಕಾಡೇ ತುಂಬಿರುವಾಗ ಅರ್ಧ ಗಂಟೆ ಏನೇನೂ ಅಲ್ಲ.

ಮೀಟರ್ ಮುಳ್ಳನ್ನು ನಾನು ನಂಬುವುದಿಲ್ಲ. ಏಣಿ ಹತ್ತಿ, ರೆಕ್ಕೆಯ ಮೇಲಿನ ಮುಚ್ಚಳ ಬಿಚ್ಚಿ, ಅಳತೆ ಕೋಲನ್ನು ನೇರ ಇಳಿಸಿ ಎತ್ತಿ, ಒದ್ದೆ ಗುರುತು ಆರುವ ಮೊದಲೇ ಓದಬೇಕು. ಆವ್‌ಗ್ಯಾಸ್ ಬೇಗ ಆರುತ್ತದೆ. ಆಮೇಲೆ ರೆಕ್ಕೆಯಡಿಯಿಂದ ಪಾರದರ್ಶಕ ಲೋಟಕ್ಕೆ ಒಂದಿಷ್ಟು ಬಸಿದು ಬೆಳಕಿಗೆ ಹಿಡಿಯುತ್ತೇನೆ. ತಿಳಿನೀಲಿ ಇರಬೇಕು. ನೀರಿದ್ದರೆ ತಳದಲ್ಲಿ ಗುಳ್ಳೆಯ ಹಾಗೆ ಕೂರುತ್ತದೆ. ಅರ್ಧ ಖಾಲಿ ಟ್ಯಾಂಕನ್ನು ಕರಾವಳಿಯ ತೇವದಲ್ಲಿ ರಾತ್ರಿಯಿಡೀ ಬಿಟ್ಟಿದ್ದರಂತೂ ಇದನ್ನು ಬಿಡಲೇಬಾರದು. ಇನ್ನೊಂದು: ವಿಮಾನದ ಪುಸ್ತಕ ಅಮೆರಿಕದ ಗ್ಯಾಲನ್‌ನಲ್ಲಿದೆ, ನಮಗೆ ತುಂಬಿಸಿ ಕೊಡುವುದು ಲೀಟರಿನಲ್ಲಿ. ಒಂದು ಗ್ಯಾಲನ್ ಅಂದರೆ 3.785 ಲೀಟರ್. 1983ರಲ್ಲಿ ಕೆನಡಾದ ಒಂದು ಬೋಯಿಂಗ್ 767ಕ್ಕೆ ಕಿಲೋ ಬದಲು ಪೌಂಡ್ ಲೆಕ್ಕ ಹಿಡಿದು, ದಾರಿ ಮಧ್ಯೆ ಎರಡೂ ಎಂಜಿನ್ ನಿಂತವು. ಅವರು ಗಿಮ್ಲಿಯ ಹಳೇ ರನ್‌ವೇಯಲ್ಲಿ ಇಳಿದು ಬದುಕಿದರು. ಘಟ್ಟದಲ್ಲಿ ಅಂಥ ರನ್‌ವೇ ಎಲ್ಲಿದೆ?

ಶಿರಸಿಯಿಂದ ಕುಮಟಾಕ್ಕೆ ಸುಮಾರು 27 ಮೈಲಿ. ನಡುವೆ ದೇವಿಮನೆ ಕಾಡು. ಎಂಜಿನ್ ನಿಂತರೆ ಈ ವಿಮಾನ ಪ್ರತಿ ಸಾವಿರ ಅಡಿಗೆ ಒಂದೂವರೆ ಮೈಲಿ ತೇಲುತ್ತದೆ. 8,500 ಅಡಿಯಲ್ಲಿದ್ದರೆ ಸಮುದ್ರದ ಕಡೆ 12 ಮೈಲಿ, ನೆಲ ಎತ್ತರವಿರುವ ಶಿರಸಿ ಕಡೆ ಹತ್ತಿರ ಹತ್ತಿರ 10. ಮಧ್ಯೆ ಉಳಿಯುವುದು ಐದೇ ಮೈಲಿ. ಅದಕ್ಕೇ ಶಿರಸಿಗೆ ಬರುವ ಮೊದಲೇ ಅಷ್ಟು ಎತ್ತರ ಹತ್ತಿರುತ್ತೇನೆ.

ಹಾಗೆ ಎಂಜಿನ್ ನಿಂತರೆ ಇಳಿಯುವ ಜಾಗಗಳನ್ನು ಮೇಲಿಂದ ನೋಡಿದರೆ ಸಾಲದು ಅಂತ, ಕುಮಟಾದ ಮಾವನ ಜೊತೆ ಸ್ಕೂಟರಿನಲ್ಲಿ ಸುತ್ತಿದೆ. ಅಘನಾಶಿನಿ ನದಿ ಪಕ್ಕದ ಗಜನಿ, ಅಂದರೆ ಉಪ್ಪುನೀರಿನ ತಗ್ಗು ಗದ್ದೆ, ಮೇಲಿಂದ ಎಷ್ಟು ಚೆಂದ, ಎಷ್ಟು ಸಪಾಟು! ಮಾವ ನಿಂತಲ್ಲೇ ಹೇಳಿದರು: "ತಮಾ, ಇಲ್ಲಿ ಇಳಸಡ. ಮೊಣಕಾಲ ತನಕ ಹೂತು ಹೋಗ್ತು." ಭತ್ತ ಕೊಯ್ದ ಮೇಲೆ ಅಲ್ಲಿ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಮಾಡುತ್ತಾರೆ. ನಾವು ಹಾರುವ ತಿಂಗಳುಗಳಲ್ಲೇ ಅದು ಕೆಸರು. ಮೇಲಿನ ಒಣಗದ್ದೆ ಪರವಾಗಿಲ್ಲ, ಆದರೆ ಬದುಗಳ ಉದ್ದಕ್ಕೇ ಇಳಿಸಬೇಕು, ಅಡ್ಡಕ್ಕಲ್ಲ. ಹೆದ್ದಾರಿಯ ಆಸೆ ಬೇಡ, ತಂತಿಯೂ ಲಾರಿಯೂ ಜಾಸ್ತಿ. ಬೀಚಿನಲ್ಲಾದರೆ ಸಮುದ್ರದ ನೀರು ಇಳಿದ ಹೊತ್ತಿನ ಗಟ್ಟಿ ಒದ್ದೆ ಮರಳು. ಒಣ ಮರಳಿಗೆ ಮುಂದಿನ ಚಕ್ರ ಹೋದರೆ ಹೂತು ಮಗುಚುತ್ತದೆ. ಜನ, ದೋಣಿ ಇದ್ದರೆ ನಾನು ಅಲ್ಲಿ ಇಳಿಸುವುದಿಲ್ಲ, ಅಂಚಿನ ನೀರಿಗಾದರೂ ಸರಿ.

ವಾಪಸ್ ಬರುವಾಗ ಹೊನ್ನಾವರದ ಶರಾವತಿ ಸೇತುವೆ ನನಗೆ ಮುಖ್ಯ. ಅಲ್ಲಿಂದ ಹುಬ್ಬಳ್ಳಿಗೂ ಮಂಗಳೂರಿಗೂ ಹೆಚ್ಚೂಕಮ್ಮಿ ಒಂದೇ ದೂರ. ಸೇತುವೆ ಮೇಲೆ ಗಡಿಯಾರ ನೋಡುತ್ತೇನೆ. ಮುಂದಿನ ದಾರಿಗೆ 30, ಮೀಸಲು 34, ಒಟ್ಟು 64 ಲೀಟರ್ ಬೇಕು. ಲೆಕ್ಕದ ಪ್ರಕಾರ ಅಷ್ಟು ಉಳಿದಿಲ್ಲ ಅಂದರೆ ಘಟ್ಟದ ಕಡೆ ಮೂತಿ ತಿರುಗಿಸುವುದೇ ಇಲ್ಲ. ಬೆನ್ನ ಗಾಳಿ ಹಿಡಿದು ಮಂಗಳೂರಿಗೇ ಹೋಗುತ್ತೇನೆ. ಜೊತೆಗಿರುವವರಿಗೆ ಇದನ್ನು ಹೊರಡುವ ಮೊದಲೇ ಹೇಳಿಬಿಟ್ಟಿರುತ್ತೇನೆ, ಅಲ್ಲಿ ಚರ್ಚೆಗೆ ಸಮಯ ಇರುವುದಿಲ್ಲ.