ಸಾಲ್ಟೇರ್‌ನ ಕಲ್ಲುಮನೆ: ಕೆಮಿಕಲ್ ಚುಚ್ಚಿಸದೆ ತೇವ ಇಳಿಸಿದ್ದು

ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಕ್ಕದ ಸಾಲ್ಟೇರ್‌ನಲ್ಲಿ ಮನೆ ನೋಡ್ತಿದ್ದೀನಿ ಅಂದಾಗ ಲೀಡ್ಸ್ ಕಡೆಯ ನಮ್ಮವರದೆಲ್ಲ ಒಂದೇ ಮಾತು: ಹತ್ತು ವರ್ಷ ಗ್ಯಾರಂಟಿ ಇರೋ ಹೊಸ ಮನೆ ಬಿಟ್ಟು ಈ ಒದ್ದೆ ಗೋಡೆ ಯಾಕೆ? ಗೋಡೆ ಈಗ ಒಣಗಿದೆ. ಅದಕ್ಕೇ ಲೆಕ್ಕ ಬರೆಯುತ್ತಿದ್ದೇನೆ.

ಟೈಟಸ್ ಸಾಲ್ಟ್ 1853ರಲ್ಲಿ ಮಿಲ್ ತೆರೆದು ಕೆಲಸಗಾರರಿಗೆ ಕಟ್ಟಿಸಿದ ಊರು ಇದು. 2001ರಿಂದ ವಿಶ್ವ ಪರಂಪರೆಯ ತಾಣ, ಮನೆಗಳೆಲ್ಲ ರಕ್ಷಿತ ಕಟ್ಟಡಗಳ ಗ್ರೇಡ್ 2 ಪಟ್ಟಿಯಲ್ಲಿವೆ. ಪಟ್ಟಿ ಅಂದರೆ ಬೀದಿಯ ಮುಖ ಮಾತ್ರವಲ್ಲ. ಒಳಗಿನ ಮೆಟ್ಟಿಲು, ಬಾಗಿಲು, ಅಗ್ಗಿಷ್ಟಿಕೆಯ ಗೂಡು ಎಲ್ಲವೂ ಅದರೊಳಗೆ. 1933ರಲ್ಲಿ ಮಿಲ್ಲಿನವರು ಮನೆಗಳನ್ನು ಒಟ್ಟಿಗೆ ಮಾರಿದ ಮೇಲೆ ಅವು ಒಂದೊಂದಾಗಿ ಕೈಬದಲಾದವು, ಒಬ್ಬೊಬ್ಬರು ಒಂದೊಂದು ಮಾಡಿಟ್ಟರು. ನಾನು ಹಿಡಿದ ಮನೆಯ ಹಿಂಬದಿಯಲ್ಲಿ ಅನುಮತಿ ಇಲ್ಲದ ಪ್ಲಾಸ್ಟಿಕ್ ಕಿಟಕಿಗಳಿದ್ದವು. ಇಂಥದಕ್ಕೆ ಕಾಲಮಿತಿ ಇಲ್ಲ. ಯಾರು ಹಾಕಿಸಿದ್ದರೂ ತೆಗೆಸು ಅಂತ ನೋಟಿಸ್ ಬರುವುದು ಈಗಿನ ಒಡೆಯನಿಗೆ.

ಇಲ್ಲಿ ಒಂದು ಗುಂಡಿ ಇದೆ. ಆ ಮನೆಯ ವಿಳಾಸ ಹೇಳಿ ಕೌನ್ಸಿಲ್‌ಗೆ ಫೋನ್ ಮಾಡಿದಿರೋ, ಆಮೇಲೆ ಇಂಥ ತಪ್ಪಿನ ಖರ್ಚು ತುಂಬಿಕೊಡುವ ಇಂಡೆಮ್ನಿಟಿ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಮೊದಲು ಪ್ಲಾನಿಂಗ್ ಕಡತಗಳನ್ನು ಆನ್‌ಲೈನ್‌ನಲ್ಲೇ ನೋಡಿಕೊಳ್ಳಿ, ವಕೀಲರ ಜೊತೆ ಮಾತಾಡಿ, ಆಮೇಲೆ ಬಾಯಿಬಿಡಿ. ಅದೂ ಅಲ್ಲದೆ ವಿಮೆ ತಪ್ಪನ್ನು ಸಕ್ರಮ ಮಾಡುವುದಿಲ್ಲ, ಖರ್ಚು ಕೊಡುತ್ತದೆ ಅಷ್ಟೇ. ನಾನು ವಿಮೆ ಬಿಟ್ಟು ಬೆಲೆ ಇಳಿಸಿಕೊಂಡೆ. ಮೇಲೆ ಕೆಳಗೆ ಸರಿಯುವ ಮರದ ಸ್ಯಾಶ್ ಕಿಟಕಿ ಒಂದಕ್ಕೆ 1,800 ಪೌಂಡ್ ಹತ್ತಿರ ಹಿಡಿದು, ತೇವದ ಕಂಪನಿಯ 4,800ರ ಕೊಟೇಶನ್ನನ್ನೂ ಮುಂದಿಟ್ಟೆ. ಎರಡೂ ಸೇರಿ 9,000ದಷ್ಟು ಕಡಿಮೆಯಾಯಿತು. ಇಂಗ್ಲೆಂಡಿನಲ್ಲಿ ಕರಾರು ವಿನಿಮಯ ಆಗುವವರೆಗೆ ಯಾರೂ ಕಟ್ಟುಬಿದ್ದಿಲ್ಲ, ಚೌಕಾಸಿ ಅಷ್ಟರೊಳಗೇ ಮುಗಿಯಬೇಕು.

ಆ ಕೊಟೇಶನ್ ಬೆಲೆ ಇಳಿಸಲಿಕ್ಕೆ ಮಾತ್ರ ಲಾಯಕ್ಕು. ಎರಡು ಮುಳ್ಳಿನ ಮೀಟರ್ ಗೋಡೆಗೆ ಒತ್ತಿ ಕೆಂಪು ದೀಪ ತೋರಿಸುತ್ತಾರೆ. ಅದು ಮರಕ್ಕೆಂದು ಅಳತೆ ಕೂರಿಸಿದ ಯಂತ್ರ. ಗೋಡೆಯಲ್ಲಿ ಉಪ್ಪಿದ್ದರೆ ಒಣಗಿದ್ದರೂ ಕೆಂಪೇ. ಅವರು ಹೇಳುವ ಇಂಜೆಕ್ಷನ್, ಅಂದರೆ ಗೋಡೆಯ ಬುಡಕ್ಕೆ ತೂತು ಕೊರೆದು ತೇವ ತಡೆಯುವ ಪದರ ಕೂರಲೆಂದು ಕೆಮಿಕಲ್ ತುಂಬುವುದು, ಇಟ್ಟಿಗೆ ಗೋಡೆಗಾದರೂ ಸರಿ ಅನ್ನೋಣ. ಇಲ್ಲಿಯದು ಹೊರಗೆ ಕೆತ್ತಿದ ಮರಳುಗಲ್ಲು, ಒಳಗೆ ಒರಟು ಕಲ್ಲು, ನಡುವೆ ಚೂರುಕಲ್ಲು ತುಂಬಿದ ಹದಿನೆಂಟು ಇಂಚಿನ ಗೋಡೆ. ದ್ರವ ನಡುವಿನ ಸಂದುಗೊಂದಿಗೆ ಹರಿದುಹೋಗುತ್ತದೆ, ಪದರ ಕೂರುವುದಿಲ್ಲ. ಬ್ಯಾಂಕ್ ಮಾತ್ರ ಡ್ಯಾಂಪ್ ಸರ್ಟಿಫಿಕೇಟ್ ಇಲ್ಲದೆ ಸಾಲದ 5,000 ತಡೆಹಿಡಿಯುತ್ತೇನೆ ಅಂತ ಕೂತಿತ್ತು. ಹಳೆ ಕಟ್ಟಡ ಬಲ್ಲ, ಔಷಧಿ ಮಾರದ ಸರ್ವೇಯರ್ ಒಬ್ಬರಿಂದ ಕಾರ್ಬೈಡ್ ಪರೀಕ್ಷೆ (ಗೋಡೆಯ ಪುಡಿ ತೆಗೆದು ನಿಜವಾದ ತೇವ ಅಳೆಯುವುದು) ಮಾಡಿಸಿ ವರದಿ ಕೊಟ್ಟ ಮೇಲೆ ಬಿಟ್ಟರು. ವರದಿಗೆ 700 ಚಿಲ್ಲರೆ. ಕೊಟ್ಟ ದುಡ್ಡಿನಲ್ಲಿ ಇದೇ ಅತ್ಯಂತ ಸಾರ್ಥಕ.

ನೀರು ಬರುತ್ತಿದ್ದದ್ದು ಮೂರು ಕಡೆಯಿಂದ. ಸೂರಿನ ಬೀಡುಕಬ್ಬಿಣದ ದಂಬೆಯ ಕೂಡುಭಾಗ ಸೋರುತ್ತಿತ್ತು. ಹಿತ್ತಲ ಕಾಂಕ್ರೀಟ್ ಒಳನೆಲಕ್ಕಿಂತ ಮೂರು ಇಂಚು ಎತ್ತರದಲ್ಲಿತ್ತು. ಗೋಡೆಯುದ್ದಕ್ಕೂ ಒಂದಡಿ ಅಗಲ ಒಡೆದು, ಅಡಿಪಾಯದ ತಳಕ್ಕೆ ಇಳಿಯದಂತೆ ಅಗೆದು, ಬರೀ ಜಲ್ಲಿ ತುಂಬಿದೆ. ಮೂರನೆಯದೇ ದೊಡ್ಡದು: ಯಾವಾಗಲೋ ಕಲ್ಲುಗಳ ನಡುವಿನ ಸಂದುಗಳಿಗೆ ಬಳಿದ ಸಿಮೆಂಟು. ಮಳೆನೀರು ಕೂದಲೆಳೆ ಬಿರುಕಿನಿಂದ ಒಳಗೆ ಹೋಗುತ್ತದೆ, ವಾಪಸ್ ಬರಲು ದಾರಿ ಇಲ್ಲ. ಆಗ ಕಲ್ಲಿನ ಮೂಲಕವೇ ಒಣಗಬೇಕು, ಉಪ್ಪು ಕಟ್ಟಿ ಕಲ್ಲಿನ ಮುಖ ಬಿಸ್ಕತ್ತಿನಂತೆ ಉದುರುತ್ತದೆ.

ಆ ಸಿಮೆಂಟು ಕೀಳಲು ಗ್ರೈಂಡರ್ ಬೇಡ, ಕಲ್ಲಿನ ಅಂಚು ಹೋಗುತ್ತದೆ. ತೆಳು ಉಳಿ, ಸಣ್ಣ ಸುತ್ತಿಗೆ ಸಾಕು. ಸಂದಿನ ಅಗಲದ ಎರಡರಷ್ಟು ಆಳ, ಕಡಿಮೆಯೆಂದರೆ ಒಂದಿಂಚು. ಎನ್‌ಎಚ್‌ಎಲ್ 3.5 ಸುಣ್ಣ (ನೀರು ತಾಗಿದರೆ ಬಿಗಿಯುವ ಸುಣ್ಣ) ಒಂದು ಪಾಲು, ಚೂಪು (ಒರಟು ಕಾಳಿನ) ಮರಳು ಎರಡೂವರೆ ಪಾಲು. ಸಿಮೆಂಟಿಗೆ ಬಳಸುವ ನುಣುಪು ಮರಳಲ್ಲಿ ಮೊದಲ ತೇಪೆ ವಾರದೊಳಗೆ ಸೀಳಿತು. 3-4 ಮಿಲಿಮೀಟರ್ ಕಾಳು ಬೆರೆತಿರಲೇಬೇಕು. ಸಂದು ನೆನೆಸಿ, ಒತ್ತಿ ತುಂಬಿ, ಹೆಬ್ಬೆರಳು ಒತ್ತಿದರೆ ಗುರುತು ಮೂಡದಷ್ಟು ಬಿಗಿದ ಮೇಲೆ ಗಟ್ಟಿ ಬ್ರಷ್‌ನಿಂದ ಕುಟ್ಟಬೇಕು. ಮೇಲೆ ಒದ್ದೆ ಗೋಣಿತಾಟು, ಕನಿಷ್ಠ ಒಂದು ವಾರ. ಅಕ್ಟೋಬರ್ ಕೊನೆಯಲ್ಲಿ ತುಂಬಿದ ಭಾಗ ಜನವರಿಯ ಹಿಮಕ್ಕೆ ಹಿಟ್ಟಾಗಿ ಉದುರಿತು. ಏಪ್ರಿಲ್‌ನಿಂದ ಸೆಪ್ಟೆಂಬರ್, ರಾತ್ರಿ 5 ಡಿಗ್ರಿಗಿಂತ ಇಳಿಯದ ದಿನಗಳು; ಉಳಿದಾಗ ಕೈ ಹಾಕಬೇಡಿ. ಮಸಿ ಹಿಡಿದ ಹಳೇ ಕಲ್ಲಿಗೆ ಬಣ್ಣ ಕೂಡಲು ನಾನು ಎರಡು ಮರಳು ಬೆರೆಸುತ್ತೇನೆ. ಯಾವ ಕ್ವಾರಿ, ಎಷ್ಟು ಪಾಲು ಅನ್ನುವುದು ನನ್ನಲ್ಲೇ ಇರಲಿ. ಪಕ್ಕದ ಬೀದಿಯವರೂ ಕೇಳುತ್ತಿದ್ದಾರೆ.

ನಮ್ಮೂರ ಗಾರೆಯ ಹಾಗೆ ಬೆಲ್ಲ, ಅಳಲೆಕಾಯಿ ನೀರು ಬೆರೆಸಿ ನೆಲಮಾಳಿಗೆಯ ಒಂದು ಮೂಲೆಗೆ ಹಚ್ಚಿ ನೋಡಿದೆ. ಗಟ್ಟಿಯಾಗಲು ಇನ್ನಿಲ್ಲದಷ್ಟು ಸಮಯ ತಗೊಂಡಿತು, ಆ ಥಂಡಿಗೆ ಬೂಷ್ಟು ಬೇರೆ. ಬಿಸಿಲಿಲ್ಲದ ಕಡೆ ಬೇಡ.

ಒಳಗೆ ಸೊಂಟದೆತ್ತರಕ್ಕೆ ಜಿಪ್ಸಮ್ ಕಿತ್ತು ಸುಣ್ಣದ ಗಿಲಾವು ಹಾಕಿಸಿದ್ದಕ್ಕೆ 1,600. ಅಟ್ಟಣೆಗೆ 800 ಹತ್ತಿರ. ಸುಣ್ಣ ಎಂಟೊಂಬತ್ತು ಚೀಲ, ಒಂದು ಟನ್ ಮರಳು, ಉಳಿ ಬ್ರಷ್ಷು ಸೇರಿ 400ರ ಒಳಗೆ. ಸರ್ವೇಯರ್ ಬಿಟ್ಟು ಸುಮಾರು 2,800. ವ್ಯಾಟ್ ಮರೆಯಬೇಡಿ: ಪಟ್ಟಿಯ ಮನೆಗಳ ಮಾರ್ಪಾಡಿಗಿದ್ದ ವಿನಾಯಿತಿ 2012ರ ಅಕ್ಟೋಬರ್‌ನಲ್ಲೇ ಹೋಯಿತು, ಈಗ ಪೂರ್ತಿ 20%. ಗೋಡೆ ಒಣಗುವುದು ತಿಂಗಳಿಗೆ ಒಂದಿಂಚಿನ ಲೆಕ್ಕ, ಹದಿನೆಂಟು ಇಂಚಿಗೆ ಒಂದೂವರೆ ವರ್ಷ. ಕಾರ್ಬೈಡ್‌ನಲ್ಲಿ 8% ಆಸುಪಾಸು ಇದ್ದ ತೇವ ಎರಡನೇ ಬೇಸಿಗೆಗೆ 3ರ ಒಳಗೆ ಬಂತು.

ಕಿಟಕಿ ಬದಲಾವಣೆಗೆ ಅನುಮತಿಯ ಅರ್ಜಿ ಹಾಕಿದೆ, ಅದಕ್ಕೆ ಶುಲ್ಕವಿಲ್ಲ. ಎರಡು ಮರದ್ದಾಗಿವೆ. ಉಳಿದವಕ್ಕೆ ದುಡ್ಡು ಕೂಡುವವರೆಗೆ ಒಳಗಿನಿಂದ ಅಯಸ್ಕಾಂತದ ಪಟ್ಟಿಯಲ್ಲಿ ಅಂಟುವ ಅಕ್ರಿಲಿಕ್ ಹಾಳೆ ಕೂರಿಸಿದ್ದೇನೆ, ಬೇಸಿಗೆಗೆ ಕಿತ್ತಿಡಬಹುದು.