ಎರಡು ವಿಶ್ವವಿದ್ಯಾಲಯಗಳ ಸಂಬಳದ ಲೆಕ್ಕ: ಮೂರು ವರ್ಷದ ನನ್ನ ಅನುಭವ

"ಹೆಂಡತಿಗೇ ಪೂರ್ತಿ ಸಂಬಳ ಹೇಳದವರು ನಿಮಗೆ ಹೇಳ್ತಾರೇನ್ರೀ?" ಎಂದು ನಮ್ಮ ಸ್ಟಾಫ್ ರೂಮಿನ ಹಿರಿಯ ಭೌತಶಾಸ್ತ್ರ ಉಪನ್ಯಾಸಕರು ನನ್ನನ್ನು ಕೇಳಿದ್ದು 2021ರಲ್ಲಿ. ಅದೇ ಹಿರಿಯರು ತಮ್ಮ ತಂಗಿಯ ಮಗನ ಆಪ್ಷನ್ ಎಂಟ್ರಿಗೆ (ಸಿಇಟಿ ಪ್ರವೇಶ ಪರೀಕ್ಷೆಯ ನಂತರ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವುದಕ್ಕೆ) ಕೂರುವ ಹಿಂದಿನ ದಿನ ನನ್ನ ಮನೆಗೆ ಬಂದು, ಎರಡು ವಿಶ್ವವಿದ್ಯಾಲಯಗಳ ಎಂಜಿನಿಯರಿಂಗ್ ಪದವೀಧರರ ಸಂಬಳವನ್ನು ಕೇಳಿ ಹೋಲಿಸಿ ನಾನು ಮಾಡಿದ ಕೋಷ್ಟಕದ ಜೆರಾಕ್ಸ್ ಪ್ರತಿಯೊಂದನ್ನು ಕೇಳಿ ಪಡೆದುಕೊಂಡು ಹೋದರು. ನನ್ನಂತೆಯೇ ಸಿಇಟಿ ಮಕ್ಕಳಿಗೆ ಮಾರ್ಗದರ್ಶನ ಮಾಡುವ ಉಪನ್ಯಾಸಕ ಮಿತ್ರರು ಹಲವರು ಇದನ್ನು ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ, ನೆನಪಿರುವಷ್ಟನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಹೋಲಿಸಿದ್ದು ಬೆಂಗಳೂರಿನ ಎರಡು ವಿಶ್ವವಿದ್ಯಾಲಯಗಳನ್ನು. ಇಲ್ಲಿ ಅವುಗಳನ್ನು ಹಳೆಯದು ಮತ್ತು ಹೊಸದು ಎಂದಷ್ಟೇ ಕರೆಯುತ್ತೇನೆ. ಎರಡರಲ್ಲೂ ಸಿಇಟಿ ಮೂಲಕ ಸೀಟು ಸಿಗುತ್ತದೆ, ಎರಡೂ ಹೆಚ್ಚು ಕಡಿಮೆ ಒಂದೇ ರ‍್ಯಾಂಕಿನ ಮಕ್ಕಳಿಗಾಗಿ ಪೈಪೋಟಿ ನಡೆಸುತ್ತವೆ, ದಾವಣಗೆರೆ ಕಡೆಯ ಪೋಷಕರು ಪ್ರತಿ ವರ್ಷ ಈ ಎರಡರ ನಡುವೆಯೇ ತೂಗಾಡುತ್ತಾರೆ. ಹಳೆಯದರ ಮ್ಯಾನೇಜ್‌ಮೆಂಟ್ ಸೀಟು ಹೊಸದರದ್ದಕ್ಕಿಂತ ನಾಲ್ಕು ವರ್ಷಕ್ಕೆ ಎರಡೂವರೆ ಲಕ್ಷದಷ್ಟು ದುಬಾರಿ. "ಅಲ್ಲಿ ಓದಿದರೆ ಸಂಬಳ ಜಾಸ್ತಿಯಂತೆ ಸರ್" ಎಂಬ ಒಂದೇ ಮಾತಿನ ಮೇಲೆ ಜಮೀನು ಅಡವಿಟ್ಟ ಕುಟುಂಬವೊಂದನ್ನು ಕಂಡ ಮೇಲೆ, ಆ ಮಾತು ನಿಜವೋ ಅಲ್ಲವೋ ನೋಡಿಯೇ ಬಿಡಬೇಕೆಂದು ನಿರ್ಧರಿಸಿದೆ.

ಮೊದಲ ಒಂದು ವರ್ಷ ಪೂರ್ತಿ ವ್ಯರ್ಥವಾಯಿತು. ಎರಡೂ ಕಡೆಯ ಪ್ಲೇಸ್‌ಮೆಂಟ್ ವಿಭಾಗಗಳಿಗೆ ಪತ್ರ ಬರೆದರೆ ಬಣ್ಣದ ಪುಸ್ತಿಕೆಗಳು ಬಂದವು. ಅವುಗಳಲ್ಲಿ ಅತಿ ಹೆಚ್ಚಿನ ಪ್ಯಾಕೇಜ್ ಪಡೆದವರ ಭಾವಚಿತ್ರಗಳಿದ್ದವೇ ಹೊರತು ನಡುವಿನವರ ಲೆಕ್ಕವಿರಲಿಲ್ಲ. ಆಮೇಲೆ ಗೂಗಲ್ ಫಾರ್ಮ್ ಮಾಡಿ ಹಳೆಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿಸಿದೆ. ಅರವತ್ತರ ಆಸುಪಾಸು ಉತ್ತರಗಳು ಬಂದವು, ಆದರೆ ಅವುಗಳಲ್ಲಿ ಒಂದೇ ಒಂದು ಉತ್ತರವೂ ಕೆಲಸ ಸಿಗದವರದ್ದಾಗಿರಲಿಲ್ಲ. ಕೈತುಂಬ ಸಂಬಳ ಬರುವವರು ಫಾರ್ಮ್ ತುಂಬುತ್ತಾರೆ, ಮನೆಯಲ್ಲಿ ಕುಳಿತವರು ಗುಂಪಿನಿಂದಲೇ ಹೊರಗೆ ಹೋಗಿರುತ್ತಾರೆ. ಮೂರನೆಯ ಪ್ರಯತ್ನದಲ್ಲಿ ಹಣ ಕಳೆದುಕೊಂಡೆ. ಪದವೀಧರರ ಸಂಬಳದ ಮಾಹಿತಿ ತಮ್ಮ ಬಳಿ ಇದೆಯೆಂದು ಹೇಳಿದ ಒಂದು ಏಜೆನ್ಸಿಗೆ ಹದಿನೆಂಟು ಸಾವಿರ ರೂಪಾಯಿ ಕೊಟ್ಟೆ; ಅವರು ಕಳಿಸಿದ ಎಕ್ಸೆಲ್ ಕಡತದಲ್ಲಿ ನನ್ನದೇ ವಿದ್ಯಾರ್ಥಿಗಳಿಬ್ಬರು ಎಂದೂ ಕೆಲಸ ಮಾಡದ ಕಂಪನಿಗಳಲ್ಲಿ, ಎಂದೂ ಪಡೆಯದ ಸಂಬಳದಲ್ಲಿ ನಮೂದಾಗಿದ್ದರು. ಆ ಹಣ ಇಂದಿಗೂ ಮರಳಿ ಬಂದಿಲ್ಲ.

ಕೆಲಸ ಹಿಡಿತಕ್ಕೆ ಬಂದದ್ದು ಘಟಿಕೋತ್ಸವದ ಪುಸ್ತಕದಿಂದ. ಪದವಿ ಪಡೆದ ಎಲ್ಲರ ಹೆಸರೂ ಅದರಲ್ಲಿ ವಿಭಾಗವಾರು ಅಚ್ಚಾಗಿರುತ್ತದೆ, ಕೆಲಸ ಸಿಕ್ಕವರು ಸಿಗದವರು ಎಂಬ ಭೇದ ಅಲ್ಲಿಲ್ಲ. 2019ರಲ್ಲಿ ಪದವಿ ಮುಗಿಸಿದವರ ಪಟ್ಟಿಯನ್ನು ಎರಡೂ ಕಡೆಯಿಂದ ನನ್ನ ಹಳೆಯ ವಿದ್ಯಾರ್ಥಿಗಳೇ ತಂದುಕೊಟ್ಟರು. ಪ್ರತಿ ಹತ್ತನೆಯ ಹೆಸರಿಗೆ ಗುರುತು ಹಾಕುತ್ತಾ ಹೋಗಿ ಒಂದೊಂದು ಕಡೆಯಿಂದ ಎಪ್ಪತ್ತು ಜನರನ್ನು ಆರಿಸಿಕೊಂಡೆ. ಗುರುತು ಬಿದ್ದ ಮೇಲೆ ಆ ವ್ಯಕ್ತಿಯನ್ನು ಹುಡುಕಲೇಬೇಕು, ಸಿಗಲಿಲ್ಲವೆಂದು ಪಕ್ಕದ ಹೆಸರಿಗೆ ಜಾರುವಂತಿಲ್ಲ ಎಂಬ ನಿಯಮವನ್ನು ನನಗೆ ನಾನೇ ವಿಧಿಸಿಕೊಂಡೆ. ಹುಡುಕಲು ಇಬ್ಬರು ಪದವಿ ವಿದ್ಯಾರ್ಥಿಗಳಿಗೆ ತಲಾ ನಾಲ್ಕು ಸಾವಿರ ಕೊಟ್ಟೆ. ಲಿಂಕ್ಡ್‌ಇನ್‌ನಲ್ಲಿ ಅರ್ಧದಷ್ಟು ಜನ ಸಿಕ್ಕರು, ಉಳಿದವರಲ್ಲಿ ಹೆಚ್ಚಿನವರು ಊರು, ನೆಂಟರು, ಹಾಸ್ಟೆಲ್ಲಿನ ಗೆಳೆಯರ ಮೂಲಕ ಸಿಕ್ಕರು. ಕೊನೆಗೆ ಹಳೆಯದರಿಂದ 58, ಹೊಸದರಿಂದ 54 ಜನ ಲೆಕ್ಕಕ್ಕೆ ದಕ್ಕಿದರು. ಕಷ್ಟಪಟ್ಟು ಹುಡುಕಿದವರಲ್ಲಿಯೇ ಕೆಲಸವಿಲ್ಲದವರು ಹೆಚ್ಚಿದ್ದರು, ಆದ್ದರಿಂದ ಆ ಶ್ರಮವನ್ನು ಉಳಿಸಲು ಹೋದವರ ಲೆಕ್ಕ ಯಾವಾಗಲೂ ಮೇಲಕ್ಕೆ ವಾಲುತ್ತದೆ.

ಇನ್ನು ಸಂಬಳ ಕೇಳುವ ಬಗೆ. ಸಿಟಿಸಿ (ಕಂಪನಿ ಒಬ್ಬರಿಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) ಎಷ್ಟು ಎಂದು ನಾನು ಯಾರನ್ನೂ ಕೇಳುವುದಿಲ್ಲ. ಆ ಪಾಠವನ್ನು ಕಲಿಸಿದ್ದು ನಮ್ಮ ಜಗುಲಿಯ ಮೇಲೆ ಕುಳಿತು ಹುಡುಗಿಯೊಬ್ಬಳು ಬಿಚ್ಚಿಟ್ಟ ಆಫರ್ ಲೆಟರ್. ಮೊದಲ ಪುಟದಲ್ಲಿ ಆರೂವರೆ ಲಕ್ಷ ಎಂದಿತ್ತು. ಅದರಲ್ಲಿ 50,000 ಸೇರುವಾಗ ಒಂದು ಬಾರಿ ಕೊಡುವ ಬೋನಸ್, ಒಂದು ವರ್ಷದೊಳಗೆ ಬಿಟ್ಟರೆ ಅದನ್ನು ಹಿಂದಿರುಗಿಸಬೇಕು. ಒಂದು ಲಕ್ಷ ಎರಡು ವರ್ಷ ಉಳಿದವರಿಗೆ ಮಾತ್ರ. 60,000 ಕೆಲಸದ ಮೌಲ್ಯಮಾಪನಕ್ಕೆ ಕಟ್ಟುಬಿದ್ದ ವೇರಿಯಬಲ್ ಪೇ. ತಿಂಗಳ ಮೂಲವೇತನ 20,000 ಆದ್ದರಿಂದ ಕಂಪನಿಯ ಪಾಲಿನ ಪಿಎಫ್ ಶೇ 12ರಂತೆ 28,800, ಗ್ರಾಚ್ಯುಟಿ ಶೇ 4.81ರಂತೆ 11,544, ಉಳಿದ ಹತ್ತು ಸಾವಿರದೊಳಗಿನ ಮೊತ್ತ ಆರೋಗ್ಯ ವಿಮೆಯ ಕಂತು. ಇವೆಲ್ಲವನ್ನೂ ಕಳೆದರೆ ವರ್ಷಕ್ಕೆ 3,90,000, ಅಂದರೆ ತಿಂಗಳಿಗೆ 32,500. ಅವಳ ಪಾಲಿನ ಪಿಎಫ್ 2,400 ಮತ್ತು ವೃತ್ತಿ ತೆರಿಗೆ 200 ಹೋದ ಮೇಲೆ ಖಾತೆಗೆ ಬೀಳುವುದು 29,900. ಅವಳ ತಂದೆ ಊರಿನಲ್ಲೆಲ್ಲಾ ಮಗಳಿಗೆ ತಿಂಗಳಿಗೆ ಐವತ್ತನಾಲ್ಕು ಸಾವಿರ ಎಂದು ಹೇಳಿಕೊಂಡು ಬಂದಿದ್ದರು, ಅವರು ಹೇಳಿದ್ದು ಸುಳ್ಳೂ ಅಲ್ಲ, ಕಾಗದದಲ್ಲಿದ್ದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿದ್ದರು ಅಷ್ಟೆ. ಆ ದಿನದಿಂದ ನನ್ನ ಕೋಷ್ಟಕದಲ್ಲಿ ಸಂಬಳವೆಂದರೆ ಸಂಬಳ ಚೀಟಿಯ ಕೊನೆಯ ಸಾಲಿನ ಮೊತ್ತ ಮಾತ್ರ. ಅದನ್ನು ಜನ ಸಂಕೋಚವಿಲ್ಲದೆ ಹೇಳುವಂತೆ ಮಾಡುವ ಒಂದು ಪ್ರಶ್ನೆಯಿದೆ. ಅದನ್ನು ಕಂಡುಕೊಳ್ಳಲು ನನಗೆ ಮೂವತ್ತು ಫೋನ್ ಕರೆಗಳು ಬೇಕಾದವು, ಅದನ್ನು ಇಲ್ಲಿ ಬರೆಯುವುದಿಲ್ಲ.

ಎರಡು ಬಾರಿಯ ಸಂಬಳವನ್ನು ದಾಖಲಿಸಿದೆ: ಮೊದಲ ಕೆಲಸದ ಮೊದಲ ಪೂರ್ಣ ತಿಂಗಳಿನದು ಮತ್ತು 2022ರ ಜುಲೈ ತಿಂಗಳಿನದು. ಎರಡೂ ಕಡೆಯವರಿಗೆ ಪದವಿಯ ವರ್ಷವೂ ಸಂಬಳದ ತಿಂಗಳೂ ಒಂದೇ ಆಗಿರಬೇಕೆಂಬುದನ್ನು ತಪ್ಪು ಮಾಡಿ ಕಲಿತೆ. ಆರಂಭದಲ್ಲಿ ಹೊಸದರಿಂದ 2021ರ ಸಾಲಿನವರನ್ನೂ ಬೆರೆಸಿದ್ದರಿಂದ ಅದು ಹಳೆಯದನ್ನು ಸಲೀಸಾಗಿ ಹಿಂದಿಕ್ಕಿದಂತೆ ಕಂಡಿತ್ತು. ನಿಜವಾಗಿ ಆ ವರ್ಷ ಐಟಿ ಕಂಪನಿಗಳು ಸಾಲುಸಾಲಾಗಿ ನೇಮಕ ಮಾಡಿಕೊಂಡಿದ್ದವು, ವಿಶ್ವವಿದ್ಯಾಲಯಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಮುಂದಿನ ಸಾಲಿನವರ ಕಥೆ ತದ್ವಿರುದ್ಧ. ಆಫರ್ ಲೆಟರ್ ಕೈಯಲ್ಲಿ ಹಿಡಿದು, ಸೇರುವ ದಿನಾಂಕಕ್ಕಾಗಿ ತಿಂಗಳುಗಟ್ಟಲೆ ಕಾದವರು ನಮ್ಮ ಬೀದಿಯಲ್ಲಿಯೇ ಇದ್ದರು. ಪುಸ್ತಿಕೆಯಲ್ಲಿ ಅವರೆಲ್ಲರೂ ಉದ್ಯೋಗ ಪಡೆದವರು.

ಫಲಿತಾಂಶದ ಮೊದಲ ನೋಟ ಪೋಷಕರ ಮಾತನ್ನೇ ಸಮರ್ಥಿಸಿತು. 2022ರ ಜುಲೈನಲ್ಲಿ ಹಳೆಯದರವರ ಮಧ್ಯಾಂಕ (ಸಂಬಳಗಳನ್ನು ಏರಿಕೆಯ ಕ್ರಮದಲ್ಲಿ ಬರೆದಾಗ ನಟ್ಟನಡುವೆ ಬರುವ ಮೊತ್ತ) ಸುಮಾರು 52,000, ಹೊಸದರವರದು 45,000ದ ಆಸುಪಾಸು. ಸರಾಸರಿಯನ್ನು ನಾನು ಬಳಸಲಿಲ್ಲ; ಹಳೆಯದರ ಪಟ್ಟಿಯಲ್ಲಿ ತಿಂಗಳಿಗೆ 1,90,000 ಪಡೆಯುವ ಒಬ್ಬನೇ ಒಬ್ಬ ಹುಡುಗ 58 ಜನರ ಸರಾಸರಿಯನ್ನು ಎರಡು ಸಾವಿರಕ್ಕೂ ಹೆಚ್ಚು ಮೇಲೆತ್ತುತ್ತಿದ್ದ. ಎನ್‌ಐಆರ್‌ಎಫ್‌ಗೆ, ಅಂದರೆ ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಶ್ರೇಯಾಂಕ ಕೊಡುವ ವ್ಯವಸ್ಥೆಗೆ, ಸಂಸ್ಥೆಗಳು ಸಲ್ಲಿಸುವ ಪಿಡಿಎಫ್‌ನಲ್ಲಿ ಪ್ರವೇಶ ಪಡೆದವರು, ಸಕಾಲದಲ್ಲಿ ತೇರ್ಗಡೆಯಾದವರು, ಉದ್ಯೋಗ ಪಡೆದವರು, ಅವರ ಮಧ್ಯಾಂಕ ವೇತನ, ಉನ್ನತ ಶಿಕ್ಷಣಕ್ಕೆ ಹೋದವರು ಎಂಬ ಅಂಕಣಗಳಿವೆ. ಅದನ್ನು ಪಕ್ಕದಲ್ಲಿಟ್ಟು ನೋಡಿದೆ, ಎರಡರ ನಡುವಿನ ಅಂತರ ಅಲ್ಲಿಯೂ ಇದೇ ದಿಕ್ಕಿನಲ್ಲಿತ್ತು. ಮಿತ್ರರಲ್ಲಿ ಒಂದು ವಿನಂತಿ: ಪುಸ್ತಿಕೆ ನೋಡುವ ಮೊದಲು ಆ ಪಿಡಿಎಫ್‌ನಲ್ಲಿ ತೇರ್ಗಡೆಯಾದವರ ಸಂಖ್ಯೆಯನ್ನೂ ಉದ್ಯೋಗ ಪಡೆದವರ ಸಂಖ್ಯೆಯನ್ನೂ ಅಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಮಧ್ಯಾಂಕ ಕೆಲಸ ಸಿಕ್ಕವರದು ಮಾತ್ರ, ಸಿಗದವರು ಅದರೊಳಗೆ ಇಲ್ಲ. ನನ್ನ ಪಟ್ಟಿಯಲ್ಲಿ ಪದವಿ ಮುಗಿದು ಆರು ತಿಂಗಳಾದರೂ ಕೆಲಸವಿಲ್ಲದವರು ಹಳೆಯದರಲ್ಲಿ ಐವರಿಗೊಬ್ಬರು, ಹೊಸದರಲ್ಲಿ ಮೂವರಿಗೊಬ್ಬರು ಇದ್ದರು.

ಇಲ್ಲಿಗೆ ನಿಲ್ಲಿಸಿದ್ದರೆ ಜಮೀನು ಅಡವಿಡಿರಿ ಎಂದು ನಾನೇ ಹೇಳಿದಂತಾಗುತ್ತಿತ್ತು. ಆದರೆ ಹಳೆಯದಕ್ಕೆ ಸೇರುವ ಮಕ್ಕಳ ರ‍್ಯಾಂಕ್ ಮೊದಲಿನಿಂದಲೂ ತುಸು ಒಳ್ಳೆಯದಿರುತ್ತದೆ, ಆ ಮಕ್ಕಳು ಎಲ್ಲಿ ಓದಿದ್ದರೂ ಅಷ್ಟು ಸಂಪಾದಿಸುತ್ತಿದ್ದರೋ ಏನೋ ಎಂಬ ಅನುಮಾನ ಬಿಡಲಿಲ್ಲ. ಅಮೆರಿಕದಲ್ಲಿ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಇದೇ ಅನುಮಾನದ ಬೆನ್ನು ಹತ್ತಿ, ಒಂದೇ ಬಗೆಯ ಕಾಲೇಜುಗಳಲ್ಲಿ ಪ್ರವೇಶ ದೊರೆತಿದ್ದ ವಿದ್ಯಾರ್ಥಿಗಳನ್ನು ಪರಸ್ಪರ ಹೋಲಿಸಿದ್ದರು. ಬಡ ಕುಟುಂಬದವರನ್ನು ಬಿಟ್ಟರೆ ಉಳಿದವರಲ್ಲಿ ಹೆಸರಾಂತ ಕಾಲೇಜಿನ ಸಂಬಳದ ಲಾಭ ಬಹುಮಟ್ಟಿಗೆ ಕರಗಿಹೋಗಿತ್ತು. ಅವರ ಬಳಿ ಸಾವಿರಾರು ಜನರ ದಾಖಲೆಯಿತ್ತು, ನನ್ನ ಬಳಿ ಇದ್ದದ್ದು ರ‍್ಯಾಂಕ್ ನೋಟ್‌ಬುಕ್. ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳ ಸಿಇಟಿ ರ‍್ಯಾಂಕ್, ಸೇರಿದ ಕಾಲೇಜು ಮತ್ತು ವಿಭಾಗಗಳನ್ನು ಬರೆದಿಡುವ ಅಭ್ಯಾಸ ನನಗೆ ಹತ್ತೊಂಬತ್ತು ವರ್ಷದಿಂದ ಇದೆ. ಚಿತ್ರದುರ್ಗ, ಶಿವಮೊಗ್ಗ ಮತ್ತು ನಮ್ಮೂರಿನ ಇನ್ನೂ ನಾಲ್ವರು ಉಪನ್ಯಾಸಕರ ಬಳಿ ಅಂಥದೇ ಪುಸ್ತಕಗಳಿದ್ದವು. 2015ರ ಪುಟಗಳನ್ನು ಒಟ್ಟುಗೂಡಿಸಿ, ಆ ಸಾಲಿನ ಕೊನೆಯ ಸುತ್ತಿನ ಕಟಾಫ್ ಪ್ರಕಾರ ಎರಡೂ ಕಡೆ ಅದೇ ವಿಭಾಗದಲ್ಲಿ ಸೀಟು ಸಿಗಬಹುದಾಗಿದ್ದವರನ್ನು ಮಾತ್ರ ಉಳಿಸಿಕೊಂಡು, ಹತ್ತಿರದ ರ‍್ಯಾಂಕಿನ ಇಬ್ಬರನ್ನು ಒಂದೊಂದು ಕಡೆಯಿಂದ ಆರಿಸಿ ಜೋಡಿ ಮಾಡಿದೆ. ಹಾಗೆ 31 ಜೋಡಿಗಳು ಸಿದ್ಧವಾದವು. ಎಷ್ಟು ರ‍್ಯಾಂಕಿನ ಅಂತರವನ್ನು ಹತ್ತಿರ ಎನ್ನಬೇಕು ಎಂಬುದು ಮೇಲಿನ ರ‍್ಯಾಂಕಿಗೆ ಬೇರೆ, ಕೆಳಗಿನದಕ್ಕೆ ಬೇರೆ. ಆ ಅಳತೆಯನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.

ಜೋಡಿ ಮಾಡಿದ ಮೇಲೆ ಏಳು ಸಾವಿರದ ಅಂತರ ಎರಡು ಸಾವಿರದ ಹತ್ತಿರಕ್ಕೆ ಇಳಿಯಿತು. ಕಂಪ್ಯೂಟರ್ ಸೈನ್ಸ್‌ನಲ್ಲಂತೂ ಮೊದಲ ಸಂಬಳದಲ್ಲಿ ಮೂರು ಸಾವಿರದಷ್ಟಿದ್ದ ಹಳೆಯದರ ಮುನ್ನಡೆ ಮೂರನೆಯ ವರ್ಷದ ಹೊತ್ತಿಗೆ ಕಾಣದಂತಾಯಿತು, ಏಕೆಂದರೆ ಒಮ್ಮೆ ಕಂಪನಿ ಬದಲಿಸಿದವರಿಗೆ ಹೊಸ ಸಂಬಳ ನಿಗದಿಯಾಗುವುದು ಹಳೆಯ ಸಂಬಳ ಮತ್ತು ಕೆಲಸದ ಮೇಲೆ. ಪದವಿ ಕೊಟ್ಟವರ ಹೆಸರನ್ನು ಆಗ ಯಾರೂ ಕೇಳಲಿಲ್ಲವೆಂದು ಹೆಚ್ಚಿನವರು ಹೇಳಿದರು. ಮ್ಯಾನೇಜ್‌ಮೆಂಟ್ ಸೀಟಿನ ಎರಡೂವರೆ ಲಕ್ಷದ ಹೆಚ್ಚುವರಿ ಹಣವನ್ನು ತಿಂಗಳಿಗೆ ಎರಡು ಸಾವಿರದಂತೆ ತೀರಿಸಲು ಬಡ್ಡಿ ಬಿಟ್ಟೇ ಹತ್ತು ವರ್ಷ ದಾಟುತ್ತದೆ. ಮೆಕ್ಯಾನಿಕಲ್ ಮಾತ್ರ ನನ್ನ ನಿರೀಕ್ಷೆಯನ್ನು ಸುಳ್ಳು ಮಾಡಿತು. ಅಲ್ಲಿ ಜೋಡಿ ಮಾಡಿದ ಮೇಲೂ ಆರು ಸಾವಿರದಷ್ಟು ಅಂತರ ಉಳಿಯಿತು. ಜೋಡಿಗಳು ಏಳೇ ಇದ್ದರೂ ಕಾರಣ ಸ್ಪಷ್ಟವಿತ್ತು: ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ಹಳೆಯದರ ಹಿರಿಯ ವಿದ್ಯಾರ್ಥಿಗಳು ಇಪ್ಪತ್ತು ವರ್ಷದಿಂದ ಕುಳಿತಿದ್ದಾರೆ, ಏಳರಲ್ಲಿ ನಾಲ್ವರು ಕೆಲಸ ಪಡೆದದ್ದು ಅವರ ಮೂಲಕವೇ. ಈಗ ಮೆಕ್ಯಾನಿಕಲ್ ಕೇಳಿ ಬರುವವರಿಗೆ ಹಳೆಯದನ್ನೇ ಮೇಲೆ ಹಾಕಿ ಎನ್ನುತ್ತೇನೆ, ಕಂಪ್ಯೂಟರ್ ಸೈನ್ಸ್‌ನವರಿಗೆ ಶುಲ್ಕ ಕಡಿಮೆಯಿರುವುದನ್ನು.

ನಡುವೆ ಇನ್ನೊಂದು ಚಿಕ್ಕ ಪ್ರಯೋಗವನ್ನೂ ಮಾಡಿದೆ. ಪಟ್ಟಿಯಲ್ಲಿ ಡಿಪ್ಲೊಮಾ ಮುಗಿಸಿ ಎರಡನೆಯ ವರ್ಷಕ್ಕೆ ನೇರವಾಗಿ ಸೇರಿದ ಹನ್ನೊಂದು ಜನ ಸಿಕ್ಕಿದ್ದರು, ಅವರನ್ನು ಬೇರೆ ತೆಗೆದು ನೋಡಿದೆ. ಪ್ಲೇಸ್‌ಮೆಂಟ್‌ನಲ್ಲಿ ಅವರನ್ನು ಒಂದು ಮೆಟ್ಟಿಲು ಕೆಳಗಿಟ್ಟು ನೋಡುವವರಿದ್ದಾರೆ, ಆದರೆ ಮೂರನೆಯ ವರ್ಷದ ಸಂಬಳದಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ, ಇಬ್ಬರು ಮಧ್ಯಾಂಕಕ್ಕಿಂತ ಬಹಳ ಮೇಲಿದ್ದರು. ಇದನ್ನು ನಮ್ಮೂರಿನ ಪಾಲಿಟೆಕ್ನಿಕ್ ಮಕ್ಕಳಿಗೆ ಹೇಳಿದಾಗ ಅವರ ಮುಖದಲ್ಲಿ ಕಂಡ ಬೆಳಕು ನನ್ನ ಮೂರು ವರ್ಷದ ದುಡಿಮೆಗೆ ಸಂದ ಕೂಲಿ. ಬಾಡಿಗೆ ಕಳೆದು ಊರುವಾರು ಹೋಲಿಸಲು ಹೊರಟದ್ದು ಮಾತ್ರ ಕೈಗೂಡಲಿಲ್ಲ. ಮೈಸೂರು, ಹುಬ್ಬಳ್ಳಿಯಲ್ಲಿದ್ದವರು ಆರೇ ಜನ.

ಒಟ್ಟು ಖರ್ಚು ನಲವತ್ತಾರು ಸಾವಿರದಷ್ಟಾಯಿತು: ಏಜೆನ್ಸಿಗೆ ಹೋದದ್ದು, ಹುಡುಗರಿಗೆ ಕೊಟ್ಟದ್ದು, ಉಳಿದದ್ದು ಶನಿವಾರಗಳ ರೈಲು ಮತ್ತು ಬೆಂಗಳೂರಿನ ಊಟ ತಿಂಡಿ. ಇಂಥ ಕೋಷ್ಟಕ ಆ ಎರಡು ವಿಶ್ವವಿದ್ಯಾಲಯಗಳ ಬಳಿಯೂ ಇರಲಾರದು ಎಂದು ಧೈರ್ಯವಾಗಿ ಹೇಳುತ್ತೇನೆ, ಏಕೆಂದರೆ ಕೆಲಸ ಸಿಗದವರ ಮನೆ ಬಾಗಿಲಿಗೆ ಅವರ ಕಡೆಯಿಂದ ಯಾರೂ ಹೋಗಿರಲಿಲ್ಲವೆಂದು ಆ ಮಕ್ಕಳೇ ಹೇಳಿದ್ದಾರೆ. ಈಗ 2022ರಲ್ಲಿ ಪದವಿ ಪಡೆದವರ ಪಟ್ಟಿ ಕೈಯಲ್ಲಿದೆ, 2025ರ ಜುಲೈ ತಿಂಗಳ ಸಂಬಳ ಚೀಟಿಗಳು ಒಂದೊಂದಾಗಿ ಬರುತ್ತಿವೆ. ಈ ಬಾರಿ ಮೆಕ್ಯಾನಿಕಲ್‌ನಲ್ಲಿ ಕನಿಷ್ಠ ಇಪ್ಪತ್ತು ಜೋಡಿಗಳಾದರೂ ಬೇಕು. ಅದಕ್ಕೆ 2018ರ ಸಿಇಟಿ ರ‍್ಯಾಂಕ್ ಪುಸ್ತಕ ಇಟ್ಟುಕೊಂಡಿರುವ ಉಪನ್ಯಾಸಕರು ಜೊತೆಗೂಡಿದರೆ, ಮೇಲೆ ಬರೆಯದೆ ಉಳಿಸಿಕೊಂಡ ಪ್ರಶ್ನೆಯನ್ನೂ ರ‍್ಯಾಂಕಿನ ಅಳತೆಯನ್ನೂ ಎದುರಿಗೆ ಕೂರಿಸಿಕೊಂಡು ಹೇಳಿಕೊಡುತ್ತೇನೆ.