ಪಿಸಿಬಿ ಇಲ್ಲದೆ 2020 ಎಲ್‌ಇಡಿ ಸರ: ಎನಾಮಲ್ ತಂತಿ, ಮಾಮೂಲಿ ಐರನ್, ನನ್ನ ಅನುಭವ

2020 ಅಂದರೆ ಎರಡು ಮಿಲಿಮೀಟರ್‌ನ ಅಡ್ರೆಸೆಬಲ್ ಎಲ್‌ಇಡಿ, ಒಂದೊಂದರ ಬಣ್ಣವನ್ನೂ ಬೇರೆಬೇರೆ ಹೇಳಬಹುದಾದದ್ದು. ಅದನ್ನು ಬರೀ ತಂತಿಗೆ ಕೈಯಲ್ಲೇ ಸೋಲ್ಡರ್ ಮಾಡೋದು ಆಗದ ಕೆಲಸ, ಹಾಟ್ ಏರ್ (ಬಿಸಿಗಾಳಿಯಲ್ಲಿ ಸೋಲ್ಡರ್ ಕರಗಿಸುವ ಯಂತ್ರ) ಬೇಕೇ ಬೇಕು, ಪಿಸಿಬಿ (ತಾಮ್ರದ ದಾರಿ ಮುದ್ರಿಸಿದ ಬೋರ್ಡು) ಮಾಡಿಸದೆ ಗತಿಯಿಲ್ಲ ಅಂದವರೇ ಜಾಸ್ತಿ. ಗೊಂಬೆ ಹಬ್ಬಕ್ಕೆಂದು ಮಾಡಿದ ಮೈಸೂರು ಅರಮನೆಯ ರಟ್ಟಿನ ಮಾದರಿಯ ಮೇಲೆ ಈಗ ನೂರೈವತ್ತರ ಹತ್ತಿರ ಎಲ್‌ಇಡಿ ಉರಿಯುತ್ತಿವೆ. ಹಾಟ್ ಏರ್ ಮುಟ್ಟಿಲ್ಲ, ಪಿಸಿಬಿ ಒಂದೂ ಇಲ್ಲ. ಹೇಗೆ ಅಂತ ಕೇಳುವವರು ಹೆಚ್ಚಾದ್ದರಿಂದ ಬರೆದಿಡುತ್ತಿದ್ದೇನೆ. ಸೋಲ್ಡರಿಂಗ್ ಐರನ್ ಹಿಡಿಯಲು ಬರುವವರಿಗೆ ಮಾತ್ರ. ಡೇಟಾ ಪ್ರೋಟೊಕಾಲ್ ಪಾಠ ಇಲ್ಲಿಲ್ಲ.

ರೆಡಿಮೇಡ್ ಎಲ್‌ಇಡಿ ಪಟ್ಟಿ, ಅಂದರೆ ಸ್ಟ್ರಿಪ್ ಯಾಕೆ ಬೇಡ ಅಂದರೆ, ಅದು ಒಂದೇ ದಿಕ್ಕಿಗೆ ಬಾಗುತ್ತದೆ. ಕಮಾನಿನ ಅಂಚಿಗೆ, ಗುಂಬಜ್‌ನ ಪಕ್ಕೆಗೆ ಎರಡೂ ದಿಕ್ಕಿಗೆ ಬಾಗಬೇಕು. ಸಾಮಾನ್ಯವಾಗಿ ಸಿಗುವ ತೆಳುವಾದ ಸ್ಟ್ರಿಪ್ ಅಂದರೂ ನಾಲ್ಕೈದು ಮಿಮೀ ಅಗಲ, ರಟ್ಟಿನ ಕಂಬಕ್ಕಿಂತ ಅದೇ ದಪ್ಪ ಕಾಣುತ್ತದೆ. ತಂತಿಯ ಸರವಾದರೆ ಬೆರಳಲ್ಲಿ ಒತ್ತಿದ ಕಡೆ ಕೂರುತ್ತದೆ.

ಇಡೀ ವಿಧಾನ ನಿಂತಿರುವುದು ಒಂದೇ ವಿಷಯದ ಮೇಲೆ. ಈ ಎಲ್‌ಇಡಿಗಳು ಸೇರಿದ ಡಬ್ಲ್ಯೂಎಸ್2812 ಕುಟುಂಬದಲ್ಲಿ ವಿಡಿಡಿ (ಪವರ್‌ನ ಪ್ಲಸ್) ಮತ್ತು ಗ್ರೌಂಡ್ (ಮೈನಸ್) ಎದುರುಬದುರು ಮೂಲೆಯಲ್ಲಿವೆ, ಸಿಗ್ನಲ್ ಒಳಬರುವ ಡೇಟಾ ಇನ್ ಮತ್ತು ಹೊರಹೋಗುವ ಡೇಟಾ ಔಟ್ ಉಳಿದೆರಡು ಮೂಲೆಯಲ್ಲಿ. ಎಲ್‌ಇಡಿಯನ್ನು ನೆಟ್ಟಗೆ ಇಟ್ಟರೆ ಪವರ್ ತಂತಿಗಳು ಡೇಟಾ ತಂತಿಯನ್ನು ದಾಟಲೇಬೇಕು. ಜನ ಸೋಲುವುದು ಅಲ್ಲೇ. ಕರ್ಣಕ್ಕೆ ತಿರುಗಿಸಿ, ವಜ್ರಾಕಾರವಾಗಿ ಇಡಿ. ಮೇಲೆ ವಿಡಿಡಿ, ಕೆಳಗೆ ಗ್ರೌಂಡ್, ಎಡಕ್ಕೊಂದು ಬಲಕ್ಕೊಂದು ಡೇಟಾ. ಮೂರು ತಂತಿಯೂ ಒಂದನ್ನೊಂದು ದಾಟದೆ ಸಮಾನಾಂತರವಾಗಿ ಹೋಗುತ್ತವೆ. ಕೋನಮಾಪಕ ಹಿಡಿದು 45 ಡಿಗ್ರಿ ಅಳೆಯಬೇಡಿ, ಪವರ್ ಪ್ಯಾಡ್ ಎರಡೂ ಅದರದರ ತಂತಿಯ ಕೆಳಗೆ ಬಂದರೆ ಸಾಕು.

ಡೇಟಾಶೀಟಿನ (ತಯಾರಕರ ವಿವರಪತ್ರದ) ಚಿತ್ರ ಮೇಲಿನಿಂದ ನೋಡಿದ್ದು. ನಾವು ಸೋಲ್ಡರ್ ಮಾಡುವಾಗ ಎಲ್‌ಇಡಿ ಬೋರಲು ಬಿದ್ದಿರುತ್ತದೆ, ಎಡಬಲ ಅದಲುಬದಲು. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಬರೆದು ಎದುರಿಗೆ ಅಂಟಿಸಿಕೊಳ್ಳಿ. ಅನುಮಾನ ಬಂದರೆ ಮೀಟರನ್ನು ಡಯೋಡ್ ಮೋಡ್‌ಗೆ ಹಾಕಿ: ಕೆಂಪು ಪ್ರೋಬ್ ಗ್ರೌಂಡ್‌ಗೆ, ಕಪ್ಪು ವಿಡಿಡಿಗೆ ಮುಟ್ಟಿಸಿದರೆ ಅರ್ಧದಿಂದ ಮುಕ್ಕಾಲು ವೋಲ್ಟ್ ತೋರಿಸುತ್ತದೆ. ಇದೊಂದರಿಂದ ಉಲ್ಟಾ ಕೂತು ಸುಡುವ ಎಲ್‌ಇಡಿ ಪೂರ್ತಿ ನಿಂತಿತು.

ತಂತಿಯ ವಿಷಯಕ್ಕೆ ಬರೋಣ, ದುಡ್ಡು ಹೆಚ್ಚು ಹಾಳಾಗುವುದು ಇಲ್ಲಿ. ಮೋಟಾರ್ ರಿವೈಂಡಿಂಗ್ ಅಂಗಡಿಯ ಎನಾಮಲ್ ತಂತಿ ಸಸ್ತಾ, ಆದರೆ ಅದರ ಲೇಪನ ಹೆಚ್ಚು ಶಾಖ ತಡೆಯುವ ಜಾತಿಯದು; ಐರನ್‌ಗೆ ಕರಗುವುದಿಲ್ಲ. ಬ್ಲೇಡಲ್ಲಿ ಕೆರೆದರೆ ಸಣ್ಣ ತಂತಿಗೆ ಗೀರು ಬಿದ್ದು ಬಗ್ಗಿಸಿದಾಗ ತುಂಡಾಗುತ್ತದೆ. ಬೇಕಾದ್ದು ಪಾಲಿಯುರೆಥೇನ್ ಲೇಪನದ್ದು, ರಿಲೇ ಮತ್ತು ಸಣ್ಣ ಕಾಯಿಲ್ ಸುತ್ತುವವರ ಹತ್ತಿರ ಸಿಗುತ್ತದೆ. ಕೊಳ್ಳುವ ಮೊದಲು ಒಂದು ತುಂಡು ಕೇಳಿ ಪಡೆದು, 390 ಡಿಗ್ರಿಯ ಬಿಟ್ (ಐರನ್‌ನ ತುದಿ) ಮೇಲೆ ಸೋಲ್ಡರ್ ಹನಿ ಮಾಡಿ ಅದರೊಳಗೆ ಅದ್ದಿ. ಎರಡು ಮೂರು ಸೆಕೆಂಡಿಗೆ ಹೊಗೆ ಬಂದು ತವರ ಹತ್ತಿದರೆ ಸರಿ, ಇಲ್ಲದಿದ್ದರೆ ವಾಪಸ್ ಕೊಡಿ. ಆ ಹೊಗೆ ಒಳ್ಳೆಯದಲ್ಲ, ಫ್ಯಾನ್ ಇಟ್ಟುಕೊಳ್ಳಿ. ಪವರ್‌ಗೆ 36 ಗೇಜ್, ಅಂದರೆ 0.19 ಮಿಮೀ, ಡೇಟಾಗೆ 42 ಗೇಜ್, 0.1 ಮಿಮೀ.

ಕೆಲಸದ ಮೇಜು ಅಂದರೆ ಒಂದು ಬಾತ್‌ರೂಮ್ ಟೈಲ್. ಅದರ ಮೇಲೆ ಗ್ರಾಫ್ ಹಾಳೆ, ಹಾಳೆಯ ಮೇಲೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪ್, ಅಂಟು ಮೇಲೆ ಬರುವಂತೆ. ಹತ್ತು ಮಿಮೀಗೊಂದರಂತೆ ಎಲ್‌ಇಡಿಯನ್ನು ಬೋರಲಾಗಿ ಅಂಟಿಸಿ, ನಾಲ್ಕೂ ಪ್ಯಾಡಿಗೆ ಮೊದಲೇ ತವರ ಹಚ್ಚಿ. ಪವರ್ ತಂತಿ ಎರಡನ್ನೂ ಬೇರೆಯಾಗಿ ಬಿಗಿದು, ಹತ್ತು ಮಿಮೀಗೊಂದು ಕಡೆ ಎರಡು ಮಿಮೀಯಷ್ಟು ಲೇಪನ ಸುಟ್ಟು ತವರ ಹಚ್ಚಿಟ್ಟುಕೊಳ್ಳಿ. ಬಿಗಿಯುವಾಗ ಒಂದು ತುದಿ ಮೊಳೆಗೆ, ಇನ್ನೊಂದು ರಬ್ಬರ್ ಬ್ಯಾಂಡಿಗೆ; ಎರಡೂ ಮೊಳೆಯಾದರೆ ಕಾದ ತಂತಿ ಹಿಗ್ಗಿ ಜೋಲುತ್ತದೆ. ತಂತಿಗಳ ನಡುವಿನ ಎರಡು ಮಿಮೀ ಅಂತರ ಕಾಯಲು ತುದಿಯಲ್ಲಿ ಏನು ಬಳಸುತ್ತೇನೆ ಅನ್ನೋದನ್ನು ಬರೆಯಲ್ಲ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಅಷ್ಟು ಸುಳಿವು ಸಾಕು.

ಈಗ ಐರನ್ 320ಕ್ಕೆ ಇಳಿಸಿ. ತವರಕ್ಕೆ ತವರ ಮುಟ್ಟುವುದರಿಂದ ಒಂದು ಪ್ಯಾಡಿಗೆ ಒಂದು ಸೆಕೆಂಡ್ ಧಾರಾಳ. ಸೂಜಿಯಂಥ ಬಿಟ್ ಬೇಡ, ತುದಿಗೆ ಶಾಖ ಬರುವುದೇ ಇಲ್ಲ, ಜನ ಒತ್ತಿ ಹಿಡಿದು ಎಲ್‌ಇಡಿ ಬೇಯಿಸುತ್ತಾರೆ. ಓರೆಯಾಗಿ ಕತ್ತರಿಸಿದ ಸಣ್ಣ ಬಿಟ್ ಒಳ್ಳೆಯದು. 25 ವ್ಯಾಟ್‌ನ ಸೋಲ್ಡ್ರಾನ್ ಐರನ್‌ನಲ್ಲೂ ಆಗುತ್ತದೆ, ಡಿಮ್ಮರ್ ಮೂಲಕ ಹಾಕಿಕೊಳ್ಳಬೇಕು. ಸೋಲ್ಡರ್ 63/37 (ತವರ-ಸೀಸದ ಪ್ರಮಾಣ), ಅರ್ಧ ಮಿಮೀ ಅಥವಾ ಅದಕ್ಕಿಂತ ಸಣ್ಣದು. ಫ್ಲಕ್ಸ್ ಸಿರಿಂಜಿನ ನೋ-ಕ್ಲೀನ್. ಕೆಲವು ಡಬ್ಬಿ ಪೇಸ್ಟ್‌ನಲ್ಲಿ ಆಮ್ಲ ಇರುತ್ತದೆ; ಅಂಥದ್ದು 0.1 ಮಿಮೀ ತಂತಿಯ ಸುತ್ತ ಕೆಲವೇ ವಾರದಲ್ಲಿ ಹಸಿರು ಕಿಲುಬು ತಂದು ಕತ್ತರಿಸಿಬಿಡುತ್ತದೆ. ಸಿರಿಂಜಿನ ಫ್ಲಕ್ಸ್‌ಗೆ ನಾನು ಒಂದು ಪದಾರ್ಥ ಬೆರೆಸುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಅದಿಲ್ಲದೆಯೂ ಕೆಲಸ ಆಗುತ್ತದೆ.

ಡೇಟಾ ತಂತಿಗೆ ಎಲ್ಲರೂ ಸಣ್ಣ ಸಣ್ಣ ತುಂಡು ಕತ್ತರಿಸುತ್ತಾರೆ, ಚಿಮಟದಲ್ಲಿ ಹಿಡಿದು ಒದ್ದಾಡುತ್ತಾರೆ. ಬೇಡ. ಒಂದೇ ಉದ್ದದ ತಂತಿಯನ್ನು ಪವರ್ ತಂತಿಗಳ ನಡುವೆ ಎಳೆದು, ಎಲ್ಲ ಎಲ್‌ಇಡಿಯ ಇನ್ ಮತ್ತು ಔಟ್ ಪ್ಯಾಡಿಗೂ ಸಾಲಾಗಿ ಸೋಲ್ಡರ್ ಮಾಡಿಕೊಂಡು ಹೋಗಿ. ಆಮೇಲೆ ಪ್ರತಿ ಎಲ್‌ಇಡಿಯ ಬೆನ್ನ ಮೇಲೆ, ಎರಡು ಪ್ಯಾಡುಗಳ ಮಧ್ಯದ ತುಣುಕನ್ನು ಮಾತ್ರ 11ನೇ ನಂಬರಿನ ಸರ್ಜಿಕಲ್ ಬ್ಲೇಡಿನ ತುದಿಯಿಂದ ಕತ್ತರಿಸಿ ಎತ್ತಿಬಿಡಿ. ಕತ್ತರಿಸುವುದು ಮರೆತರೆ ಇನ್-ಔಟ್ ಶಾರ್ಟ್ ಆಗಿ ಅಲ್ಲಿಂದಾಚೆ ಗೊಂದಲ. ಭೂತಗನ್ನಡಿಯಲ್ಲಿ ಒಮ್ಮೆ ಎಣಿಸಿ ನೋಡಿ. ಈ ಉಪಾಯ ಬೇರೆ ಯಾರೂ ಮಾಡಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅರ್ಧಕ್ಕರ್ಧ ಸಮಯ ಉಳಿಯುತ್ತದೆ.

ಡೀಕಪ್ಲಿಂಗ್‌ಗೆ, ಅಂದರೆ ವೋಲ್ಟೇಜ್ ಏರಿಳಿತ ತಡೆಯುವ ಕೆಪಾಸಿಟರಿಗೆ, ಜಾಗವೆಲ್ಲಿ ಅನ್ನುತ್ತಾರೆ. 0805 ಕೆಪಾಸಿಟರಿನ ಉದ್ದ ಸರಿಯಾಗಿ ಎರಡು ಮಿಮೀ, ಪವರ್ ತಂತಿಗಳ ನಡುವೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ಐದು ಎಲ್‌ಇಡಿಗೆ ಒಂದು, 100 ನ್ಯಾನೊಫ್ಯಾರಡ್. ಡೇಟಾ ತಂತಿ ಅದರ ಅಡಿಯಲ್ಲಿ ಹಾದುಹೋಗುತ್ತದೆ, ಲೇಪನ ಇರುವುದರಿಂದ ಭಯವಿಲ್ಲ. ಕೆಪಾಸಿಟರ್ ಬಿಟ್ಟ ಸರ ಒಂದೇ ಬಣ್ಣದಲ್ಲಿ ಚೆನ್ನಾಗಿರುತ್ತದೆ, ಬಣ್ಣ ವೇಗವಾಗಿ ಬದಲಾದಾಗ ನಡುವೆಲ್ಲೋ ಮಿಣುಕುತ್ತದೆ.

ಐದೈದಕ್ಕೆ ಟೆಸ್ಟ್ ಮಾಡಿ, ಕೊನೆಗೆ ಒಟ್ಟಿಗೆ ಅಂತ ಕಾಯಬೇಡಿ. ಉರಿಯುವ ಕೊನೆಯದು ಮತ್ತು ಉರಿಯದ ಮೊದಲನೆಯದು, ಇಬ್ಬರ ಮೇಲೂ ಅನುಮಾನ ಇಡಬೇಕು. ಔಟ್ ಸತ್ತಿರಬಹುದು, ಇನ್ ಹತ್ತದೇ ಇರಬಹುದು. ಒಂದು ಬಣ್ಣ ಮಾತ್ರ ಇಲ್ಲ, ಬೆರಳಲ್ಲಿ ಒತ್ತಿದರೆ ಬರುತ್ತದೆ ಅಂದರೆ ಒಳಗಿನ ಬಾಂಡ್ ತಂತಿ ಬಿಟ್ಟಿದೆ. ಅದಕ್ಕೆ ಕಾರಣ ಸಾಮಾನ್ಯವಾಗಿ ತೇವ. ಈ ಎಲ್‌ಇಡಿಗಳು ಗಾಳಿಯ ತೇವ ಹೀರುತ್ತವೆ, ಐರನ್ ತಾಗಿದೊಡನೆ ಒಳಗಿನ ನೀರು ಆವಿಯಾಗಿ ಎಪಾಕ್ಸಿಯನ್ನು ಎತ್ತುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್‌ನಿಂದ ತೆಗೆದರೆ ಐದಕ್ಕೊಂದು ಹೋಗುತ್ತಿತ್ತು. 60-70 ಡಿಗ್ರಿಯಲ್ಲಿ ಒಂದು ದಿನ ಪೂರ್ತಿ ಒಣಗಿಸಿದ ಮೇಲೆ ಮೂವತ್ತಕ್ಕೆ ಒಂದು ಹೋದರೆ ಹೆಚ್ಚು. ಬಿಸ್ಕತ್ ಡಬ್ಬಿಯೊಳಗೆ ಹಳೆಯ 40 ವ್ಯಾಟ್ ಬಲ್ಬು ಹಾಕಿ ಥರ್ಮಾಮೀಟರ್ ತೂರಿಸಿದರೆ ಓವನ್ ಆಯಿತು. ಬಿಸಿ ಹೆಚ್ಚಾದರೆ ಮುಚ್ಚಳ ಸ್ವಲ್ಪ ಸರಿಸಿ. 70 ದಾಟಿದರೆ ಪ್ಲಾಸ್ಟಿಕ್ ರೀಲ್ ಸೊಟ್ಟಗಾಗುತ್ತದೆ. ಫ್ಲಕ್ಸ್ ತೊಳೆಯಲು ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಮತ್ತು ಬ್ರಷ್ ಸಾಕು. ಅಲ್ಟ್ರಾಸಾನಿಕ್ ತೊಟ್ಟಿಗೆ ಹಾಕಿದರೆ ಅದೇ ಬಾಂಡ್ ತಂತಿ ಅಲುಗಿ ಮುರಿಯುತ್ತದೆ.

ಮೊದಲನೆಯ ಎಲ್‌ಇಡಿ ಮಾತ್ರ ಪದೇ ಪದೇ ಸಾಯುತ್ತಿದ್ದರೆ, ಗ್ರೌಂಡ್‌ಗಿಂತ ಮೊದಲು ಡೇಟಾ ಜೋಡಿಸಿರುತ್ತೀರಿ. ಡೇಟಾ ದಾರಿಯಲ್ಲಿ 330 ಓಮ್ ರೆಸಿಸ್ಟರ್ ಸೀರೀಸ್‌ನಲ್ಲಿ ಇರಲಿ, ಸಪ್ಲೈ ಬಾಯಲ್ಲಿ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ. ಸರವನ್ನು ನಡೆಸುವ ಇಎಸ್‌ಪಿ8266 ಬೋರ್ಡಿನ 3.3 ವೋಲ್ಟ್ ಸಿಗ್ನಲ್ ಟೇಬಲ್ ಮೇಲೆ ಓಡುತ್ತದೆ, ಹಬ್ಬದ ದಿನ ಕೈಕೊಡುತ್ತದೆ. ಐದು ವೋಲ್ಟ್ ಎಲ್‌ಇಡಿಗೆ ಬೇಕಾದ್ದು 3.5. ಸಿಗ್ನಲನ್ನು ಐದು ವೋಲ್ಟಿಗೆ ಏರಿಸುವ ಐಸಿ 74ಎಎಚ್‌ಸಿಟಿ125 ಹಾಕಿ. ಹೆಸರಿನಲ್ಲಿ ಆ ‘ಟಿ’ ಇದೆಯೋ ಇಲ್ಲವೋ ನೋಡಿ ಕೊಳ್ಳಿ, ಅಂಗಡಿಯವರು ಎರಡೂ ಒಂದೇ ಅಂದು 74ಎಚ್‌ಸಿ125 ಕೊಡುತ್ತಾರೆ, ಅದಕ್ಕೂ 3.5 ವೋಲ್ಟೇ ಬೇಕು. ಐಸಿ ಸಿಗದಿದ್ದರೆ ಮೊದಲ ಎಲ್‌ಇಡಿಯ ವಿಡಿಡಿಗೆ ಮಾತ್ರ ಒಂದು 1ಎನ್4007 ಡಯೋಡ್ ಹಾಕಿ 4.3ಕ್ಕೆ ಇಳಿಸಿ. ಅದು ಮೂರು ವೋಲ್ಟನ್ನೇ ಒಪ್ಪುತ್ತದೆ, ಮುಂದಿನದಕ್ಕೆ 4.3 ಕೊಡುತ್ತದೆ.

ಕರೆಂಟ್ ಲೆಕ್ಕ. ಡಬ್ಲ್ಯೂಎಸ್2812ನ ಬಿ ಮಾದರಿಗೆ ಬಣ್ಣಕ್ಕೆ 12 ಮಿಲಿಆಂಪ್ ಹಿಡಿಯಿರಿ, ಸಿ ಮಾದರಿಗೆ 5. ಹತ್ತಿರದಿಂದ ನೋಡುವ ಮಾದರಿಗೆ ಸಿ ಸಾಕು. 150 ಸಿ ಎಲ್‌ಇಡಿ ಪೂರ್ತಿ ಬಿಳಿ ಉರಿದರೆ ಎರಡೂಕಾಲು ಆಂಪ್. 36 ಗೇಜ್ ತಂತಿ ಮೀಟರಿಗೆ 0.6 ಓಮ್ ಹತ್ತಿರ. ಒಂದೂವರೆ ಮೀಟರ್ ಸರಕ್ಕೆ ಒಂದೇ ತುದಿಯಿಂದ ಕೊಟ್ಟರೆ ಹೋಗಿಬರುವ ದಾರಿಯಲ್ಲಿ ಎರಡು ವೋಲ್ಟ್ ನುಂಗಿಹೋಗಿ ಬಾಲ ಕೆಂಪಾಗುತ್ತದೆ. ಮೂವತ್ತು ಎಲ್‌ಇಡಿಗೊಮ್ಮೆ ಹಿಂದಿನಿಂದ ದಪ್ಪ ತಂತಿಯಲ್ಲಿ ಪವರ್ ಕೊಟ್ಟರೆ ಕುಸಿತ ಹತ್ತನೇ ಒಂದು ವೋಲ್ಟಿನ ಒಳಗೆ. ನಿಜಕ್ಕೂ ಅರಮನೆಗೆ ಬೇಕಾದ್ದು ಹಳೇ ಬಲ್ಬಿನ ಹಳದಿ, ಅದೂ 30 ಪರ್ಸೆಂಟ್ ಪ್ರಕಾಶ. ಎಲ್ಲ ಸೇರಿ ಅರ್ಧ ಆಂಪ್, ಹಳೆಯ ಮೊಬೈಲ್ ಚಾರ್ಜರ್ ಎಳೆಯುತ್ತದೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ನಾನು ಕೊಂಡಾಗ ಎಲ್‌ಇಡಿ ಒಂದಕ್ಕೆ ಹತ್ತು ರೂಪಾಯಿ ಆಸುಪಾಸು, ಹಾಳಾಗುವುದಕ್ಕೂ ಸೇರಿಸಿ ಇನ್ನೂರು ಎಲ್‌ಇಡಿ ತೆಗೆದುಕೊಳ್ಳಿ. ತಂತಿ ಎರಡೂ ಸೇರಿ ಇನ್ನೂರೈವತ್ತು, ಅದು ಜನ್ಮಕ್ಕಾಗುವಷ್ಟು. ಫ್ಲಕ್ಸ್ ಮುನ್ನೂರು, ಇಎಸ್‌ಪಿ ಬೋರ್ಡ್ ಇನ್ನೂರ ಚಿಲ್ಲರೆ, ಐಸಿ ಮತ್ತು ಕೆಪಾಸಿಟರ್ ನೂರು. ಮೂರು ಸಾವಿರದ ಒಳಗೆ. ಇದೇ ಆಕಾರಕ್ಕೆ ಫ್ಲೆಕ್ಸ್ ಪಿಸಿಬಿ ಕೇಳಿದರೆ ಹತ್ತು ಸಾವಿರ ದಾಟಿತ್ತು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಐದು ಮಿಮೀಯ 5050 ರಾಶಿ ಸಿಗುತ್ತದೆ, 2020 ಕೇಳಿದರೆ ಮುಖ ನೋಡುತ್ತಾರೆ, ಆನ್‌ಲೈನ್‌ನಲ್ಲೇ ತರಿಸಬೇಕು.

ನಡುವೆ ಕೆಲವು ಅಡ್ಡದಾರಿ. ತಾಮ್ರದ ಅಂಟುಪಟ್ಟಿ ರಟ್ಟಿನ ಮೇಲೆ ಚೆಂದ, ಸೋಲ್ಡರ್ ಬಿಸಿಗೆ ಅಂಟು ಬಿಟ್ಟು ಎದ್ದು ಬರುತ್ತದೆ. ಬಟ್ಟೆ ಇಸ್ತ್ರಿ ಪೆಟ್ಟಿಗೆ ಮಗುಚಿ ಸೋಲ್ಡರ್ ಪೇಸ್ಟ್ ಕರಗಿಸಿ ಜೋಡಿಸಿದ್ದು ಸಣ್ಣ ಬೋರ್ಡಿಗೆ ಚೆನ್ನಾಗಿಯೇ ಬಂತು, ತಂತಿಯ ಸರಕ್ಕೆ ಉಪಯೋಗವಿಲ್ಲ. ಒಂದೂವರೆ ಮಿಮೀಯ ಎಸ್‌ಕೆ6805 ಇದೇ ವಿಧಾನದಲ್ಲಿ ಆಗುತ್ತದೆ, ಆದರೆ ಬ್ಲೇಡ್ ಹೋಗುವಷ್ಟು ಸಂದು ಇರುವುದಿಲ್ಲ, ಡೇಟಾ ತುಂಡುಗಳನ್ನೇ ಜೋಡಿಸಬೇಕು. ಕಣ್ಣಿಗೆ ಬೇಕಾದ ಶಿಕ್ಷೆಯಲ್ಲ. ಸೂಪರ್ ಗ್ಲೂ ಆವಿ ಎಲ್‌ಇಡಿಯ ಮುಖವನ್ನು ಬೆಳ್ಳಗೆ ಮಂಕು ಮಾಡುತ್ತದೆ, ಯುವಿ ರೆಸಿನ್ ಮಾಡುವುದಿಲ್ಲ. ಜಾಯಿಂಟ್ ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ಒಂದು ಕೋಟ್ ಸಾಕು.

ಬಣ್ಣಕ್ಕೆ ಫಾಸ್ಟ್‌ಎಲ್‌ಇಡಿ ಎಂಬ ಕೋಡ್ ಲೈಬ್ರರಿಯ ‘ಕ್ಯಾಂಡಲ್’ ಸಂಖ್ಯೆಗಳನ್ನು ಹಾಕಿ: ಕೆಂಪು 255, ಹಸಿರು 147, ನೀಲಿ 41. ಪ್ರಕಾಶವನ್ನು ಹತ್ತು ಪರ್ಸೆಂಟಿಗೆ ಇಳಿಸಿದರೆ ನೀಲಿಗೆ ಉಳಿಯುವುದು ನಾಲ್ಕೇ ಮೆಟ್ಟಿಲು, ಬಣ್ಣ ಜಾರುತ್ತದೆ. ಆದ್ದರಿಂದ 25 ಪರ್ಸೆಂಟಿನ ಕೆಳಗೆ ಹೋಗಬೇಡಿ. ಕಣ್ಣಿಗೆ ಚುಚ್ಚಿದರೆ ಮೇಲೆ ಬಟರ್ ಪೇಪರ್ ಹಾಕಿ. ಹಚ್ಚುವಾಗ ಕಾಲು ಸೆಕೆಂಡ್ ಏರಿಕೆ, ಆರಿಸುವಾಗ ಅದಕ್ಕಿಂತ ನಿಧಾನ, ಕೆಂಪು ಕೊನೆಯಲ್ಲಿ ಉಳಿಯುವಂತೆ ಮಾಡಿದರೆ ಫಿಲಮೆಂಟ್ ಬಲ್ಬು ಅಂತಲೇ ಅನ್ನಿಸುತ್ತದೆ.

ಅಂಟಿಸಿದ ಮೇಲೆ ಸತ್ತ ಎಲ್‌ಇಡಿಯನ್ನು ಬಿಚ್ಚಲು ಹೋಗಬೇಡಿ, ಅಕ್ಕಪಕ್ಕದ್ದೂ ಎದ್ದುಬರುತ್ತವೆ. ಅದರ ಎರಡೂ ಡೇಟಾ ತಂತಿ ಕತ್ತರಿಸಿ, ಹಿಂದಿನದರ ಔಟ್‌ನಿಂದ ಮುಂದಿನದರ ಇನ್‌ಗೆ 42 ಗೇಜ್ ತಂತಿ ಎಳೆದು ದಾಟಿಸಿಬಿಡಿ. ಕೋಡಿನಲ್ಲಿ ಅಲ್ಲಿಂದ ಮುಂದಿನ ನಂಬರು ಒಂದು ಕಡಿಮೆಯಾಗುತ್ತದೆ, ಪಟ್ಟಿ ತಿದ್ದಿಕೊಳ್ಳಿ. ನನ್ನ ಗುಂಬಜ್‌ನಲ್ಲಿ ಹಾಗೆ ದಾಟಿಸಿದವು ಒಂದೆರಡಿವೆ, ತೋರಿಸಿದರೂ ಯಾರೂ ಹುಡುಕಿಲ್ಲ.